ಪಾಸಾದವರು ಎಲ್ಲಿ ಹೋದರು?

ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಮ್ಮಲ್ಲಿ ಹಬ್ಬ. ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿ ಬೋರ್ಡಿನ ಮೇಲೆ ಬರೆಯುತ್ತೇವೆ, ಪೇಡೆ ಹಂಚುತ್ತೇವೆ. ಆ ಮಕ್ಕಳ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ವರ್ಷ ನವೆಂಬರಿನಲ್ಲಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಆ ಹೆಂಗಸರ ಸಾಲಿನಲ್ಲಿ ಒಬ್ಬಳು ತಲೆ ಎತ್ತಿದಳು. ಅದೇ ವರ್ಷ ನಮ್ಮ ಶಾಲೆಗೆ ಎರಡನೆಯವಳಾಗಿ ಪಾಸಾದ ಹುಡುಗಿ.

ಅವತ್ತು ಹಳೆಯ ಹಾಜರಿ ಪುಸ್ತಕ ತೆಗೆದು ಪ್ರತಿ ಹೆಸರಿನ ಮುಂದೆ ‘ಈಗ ಎಲ್ಲಿ?’ ಎಂದು ಬರೆಯಲು ಕೂತೆ. ಎಷ್ಟೋ ಹೆಸರುಗಳ ಮುಂದೆ ಬರೆಯಲು ನನಗೇ ಗೊತ್ತಿರಲಿಲ್ಲ. ಫೇಲಾದವರನ್ನು ಹುಡುಕಿ ಮತ್ತೆ ಪರೀಕ್ಷೆಗೆ ಕೂರಿಸುತ್ತಿದ್ದೆವು. ಪಾಸಾದವರನ್ನು ಮಾತ್ರ ಯಾರೂ ಹುಡುಕಿರಲಿಲ್ಲ.

ಮನೆಗಳಿಗೆ ಹೋಗಲು ಶುರು ಮಾಡಿದೆ. ಬಡತನ ಅನ್ನುವ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅದೂ ಬಂತು. ಆದರೆ ಜಾಸ್ತಿ ಕೇಳಿದ ಮಾತು ಬೇರೆ.

“ಅಕ್ಕೋರ, ಹುಡುಗಿ ಶಾಣ್ಯಾ ಅದಾಳ, ಖರೆ. ಆದ್ರ ಬಸ್ಸಿಗೆ ಯಾರ ಜೋಡಿ ಹೋಗ್ತಾಳ್ರಿ?”

ಇದನ್ನು ನೆಪ ಅಂತ ತಳ್ಳಿಹಾಕುವುದು ಸುಲಭ. ನಾನೂ ಮೊದಲು ಹಾಗೇ ಮಾಡಿದ್ದೆ, ಅದು ತಪ್ಪು. ಆ ತಂದೆ ಬೇಡ ಅನ್ನುತ್ತಿರಲಿಲ್ಲ, ಒಂದು ಪ್ರಶ್ನೆ ಕೇಳುತ್ತಿದ್ದರು. ಅದಕ್ಕೆ ಉತ್ತರ ಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಜೋಡಿಯ ಚಿಂತೆ ಹೋಗಲಿಲ್ಲ.

ಹಾಗಾಗಿ ಈಗ ಒಬ್ಬಳ ಬಗ್ಗೆ ಒಂದೇ ಮನೆಯಲ್ಲಿ ಮಾತಾಡುವುದಿಲ್ಲ. ಒಂದು ಓಣಿಯ ಮೂರು ನಾಲ್ಕು ಹುಡುಗಿಯರ ತಂದೆ ತಾಯಿಯನ್ನು ಒಂದೇ ಕಟ್ಟೆಯ ಮೇಲೆ ಕೂರಿಸುತ್ತೇನೆ. ಎಲ್ಲರಿಗೂ ಒಂದೇ ಕಾಲೇಜು, ಒಂದೇ ಬಸ್ಸು. ಒಬ್ಬರು ಹೂಂ ಅಂದರೆ ಉಳಿದವರೂ ಅನ್ನುತ್ತಾರೆ. ಒಬ್ಬರು ಹಿಂದೆ ಸರಿದರೆ ಎಲ್ಲರೂ ಸರಿಯುವ ಅಪಾಯವೂ ಇದೆ. ಅದಕ್ಕೇ ತಾಯಂದಿರ ಹತ್ತಿರ ಮೊದಲೇ ಮಾತಾಡಿರುತ್ತೇನೆ.

ಇನ್ನೊಂದು ಕೆಲಸ, ಒಂಬತ್ತನೇ ತರಗತಿಯವರನ್ನು ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಕರೆದುಕೊಂಡು ಹೋಗುವುದು. ಕಾರ್ಯಕ್ರಮ ಇರುವ ದಿನ ಬೇಡ, ಸುಮ್ನೆ ಪಾಠ ನಡೆಯುವ ದಿನ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೇ ಸುತ್ತಾಡಿಸಿ ತೋರಿಸುತ್ತಾರೆ. ಮೊದಲ ಸಲ ಹುಡುಗಿಯರು ಕೇಳಿದ್ದು ಲ್ಯಾಬ್ ಬಗ್ಗೆ ಅಲ್ಲ. ಶೌಚಾಲಯ ಎಲ್ಲಿದೆ, ಮಧ್ಯಾಹ್ನ ಊಟ ಎಲ್ಲಿ ಮಾಡ್ತೀರಿ ಅಂತ. ಹತ್ತನೇ ತರಗತಿ ಮುಗಿದರೆ ಬಿಸಿಯೂಟ ನಿಲ್ಲುತ್ತದೆ ಅಲ್ವಾ? ಬೆಳಿಗ್ಗೆ ಏಳೂವರೆಗೆ ಮನೆ ಬಿಡುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ರೊಟ್ಟಿ ಕಟ್ಟಿಕೊಡುವ ಮಾತನ್ನೂ ಈಗ ಕಟ್ಟೆಯ ಮೇಲೆಯೇ ಆಡಿ ಮುಗಿಸುತ್ತೇವೆ. ಹಾಸ್ಟೆಲ್ ಬೇಕಾದವರಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ.

ಕಾಗದಪತ್ರದ ಕೆಲಸವನ್ನೂ ಒಂಬತ್ತರಲ್ಲೇ ಶುರು ಮಾಡುತ್ತೇವೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇರುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ಮತ್ತು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇಲ್ಲದಿದ್ದರೆ ವಿದ್ಯಾರ್ಥಿವೇತನ ಸಿಗುವುದಿಲ್ಲ. ಎಂಟರಲ್ಲೇ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರಿ ಮಾಡಿಸುತ್ತೇವೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಓದು ಬಿಟ್ಟರೆ ಆ ಹಣವೂ ನಿಲ್ಲುತ್ತದೆ. ಮನೆಯವರ ಹತ್ತಿರ ಮಾತಾಡುವಾಗ ಇದರಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.

ನಮ್ಮ ಮಕ್ಕಳಿಗೆ ತಾವು ಕಡಿಮೆ ಅನ್ನುವ ಭಾವನೆ ತುಂಬಾ ಇದೆ. ಅದಕ್ಕೆ ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳಿಗೆ ಸೇರುವ ಪರೀಕ್ಷೆ ಸಿಇಟಿಯ ಲೆಕ್ಕ ಬಿಡಿಸಿ ಹೇಳುತ್ತೇನೆ. ಒಂದರಿಂದ ಹತ್ತು ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ. ಜೊತೆಗೆ ಸಂವಿಧಾನದ 371(ಜೆ) ವಿಧಿ ಇದೆ, ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿಯವರಿಗೆ ಶೇ 70 ಸೀಟು. ನೀನು ಕೂತಿರುವ ಈ ಬೆಂಚೇ ನಿನಗೆ ದಾರಿ ಅಂದಾಗ ಹಿಂದಿನ ಸಾಲಿನವರೂ ಬರೆದುಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ನನ್ನಿಂದ ಒಬ್ಬ ಹುಡುಗನಿಗೆ ನೋವಾಗಿದೆ. ಅಂಕ ಚೆನ್ನಾಗಿದೆ ಅಂತ ಒತ್ತಾಯ ಮಾಡಿ ಪಿಯು ವಿಜ್ಞಾನದ ಪಿಸಿಎಂಬಿಗೆ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಸೇರಿಸಿದೆ. ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಒಮ್ಮೆಲೇ ಎಲ್ಲಾ ಇಂಗ್ಲಿಷ್. ಯಾರನ್ನೂ ಕೇಳಲು ನಾಚಿಕೆಪಟ್ಟು ಮೂರು ತಿಂಗಳಿಗೆ ಬಿಟ್ಟು ಬಂದ. ನನ್ನ ಮುಂದೆ ನಿಂತು ಅವನೇ ಕ್ಷಮೆ ಕೇಳಿದ. ಅದನ್ನು ನಾನು ಮರೆತಿಲ್ಲ. ಮರುವರ್ಷ ಅವನು ಡಿಪ್ಲೊಮಾಕ್ಕೆ ಸೇರಿದ. ಈಗ ವಿಜ್ಞಾನ ಓದುವ ಆಸೆ ಇದ್ದವರಿಗೆ ಡಿಸೆಂಬರಿನಿಂದ ದಿನಕ್ಕೆ ಐದು ಪದ ಕಲಿಸುತ್ತೇನೆ. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ದ್ಯುತಿಸಂಶ್ಲೇಷಣೆ ಅಂದರೆ ಫೋಟೋಸಿಂಥೆಸಿಸ್, ಹೀಗೆ. ಕಲಾ, ವಾಣಿಜ್ಯ, ಐಟಿಐ, ಡಿಪ್ಲೊಮಾ ಎಲ್ಲದರ ಬಗ್ಗೆಯೂ ಅಷ್ಟೇ ಗೌರವದಿಂದ ಹೇಳುತ್ತೇನೆ.

ಆ ‘ಈಗ ಎಲ್ಲಿ?’ ಪುಸ್ತಕ ಈಗಲೂ ನನ್ನ ಮೇಜಿನಲ್ಲಿದೆ. ಕಾಲೇಜು, ಹಾಸ್ಟೆಲ್, ಐಟಿಐ ಅಂತ ತುಂಬುತ್ತಾ ಹೋಗುತ್ತೇನೆ. ಈ ವರ್ಷ ಇನ್ನೂ ಮೂರು ಹೆಸರಿನ ಮುಂದೆ ಖಾಲಿ ಇದೆ. ಅದರಲ್ಲಿ ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ದಂಡ ಕಟ್ಟಿ ಸೇರಲು ಇನ್ನೂ ಕೆಲವು ದಿನ ಇದೆ. ಅವರ ಫೋನ್ ನಂಬರು ಊರಲ್ಲಿರುವ ಅಜ್ಜಿಯ ಹತ್ತಿರ ಇದೆಯಂತೆ. ನಾಳೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗುತ್ತೇನೆ.