ಚಾಕೊಲೇಟಿನ ಮೇಲೆ ಕಟ್ಟುವ ಬಿಳಿ ಪೊರೆ

ಬೇಸಿಗೆಯಲ್ಲಿ ಡಬ್ಬಿಯಿಂದ ತೆಗೆದ ಚಾಕೊಲೇಟಿನ ಮೇಲೆ ಬೂದಿ ಬಳಿದಂತೆ ಬಿಳಿಯ ಪೊರೆ ಕಂಡರೆ, ಬೂಷ್ಟು ಹಿಡಿದಿದೆಯೆಂದು ಎಸೆದುಬಿಡುವವರೇ ಹೆಚ್ಚು. ಎಸೆಯುವ ಮೊದಲು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿರಿ. ಪೊರೆಯು ಜಿಡ್ಡಾಗಿ ಕರಗಿ ಮಾಯವಾದರೆ ಅದು ಚಾಕೊಲೇಟಿನೊಳಗಿನದೇ ಆದ ಕೊಬ್ಬು. ತಿನ್ನಲು ಯಾವ ಅಪಾಯವೂ ಇಲ್ಲ.

ಈ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಗಟ್ಟಿಯಾಗುವಾಗ ಆರು ಬಗೆಯ ಹರಳುಗಳಾಗಿ ಕಟ್ಟಬಲ್ಲದು. ತಯಾರಕರು ಅದನ್ನು ಹದವರಿತು ಕಾಯಿಸಿ ತಣಿಸಿ ಐದನೆಯ ಬಗೆಯೇ ಕಟ್ಟುವಂತೆ ನೋಡಿಕೊಳ್ಳುತ್ತಾರೆ. ಚಾಕೊಲೇಟಿನ ಹೊಳಪು, ಮುರಿದಾಗ ಕೇಳುವ ಟಕ್ಕೆಂಬ ಸದ್ದು, ಬಾಯಲ್ಲಿ ಕರಗುವ ಗುಣ ಎಲ್ಲವೂ ಅದರಿಂದಲೇ. ಆ ಹರಳು ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಲಬುರಗಿ, ರಾಯಚೂರುಗಳ ಬೇಸಿಗೆಯ ಮಧ್ಯಾಹ್ನ ಅದನ್ನು ಸುಲಭವಾಗಿ ಮೀರುವುದರಿಂದ ಕೊಬ್ಬು ಕರಗಿ ಮೇಲಕ್ಕೆ ಜಿನುಗುತ್ತದೆ, ರಾತ್ರಿ ತಂಪಾದಾಗ ಹದವಿಲ್ಲದೆ ಮತ್ತೆ ಗಟ್ಟಿಯಾಗಿ ಬಿಳಿಯಾಗಿ ಕಾಣಿಸಿಕೊಳ್ಳುತ್ತದೆ. ಪೂರ್ತಿ ಕರಗಲೇಬೇಕೆಂದೂ ಇಲ್ಲ. ತಿಂಗಳುಗಟ್ಟಲೆ ಇಟ್ಟರೆ ಐದನೆಯ ಬಗೆಯು ತಾನಾಗಿಯೇ ಆರನೆಯದಕ್ಕೆ ತಿರುಗುವಾಗಲೂ ಪೊರೆ ಮೂಡುತ್ತದೆ. ಹೊರದೇಶದಿಂದ ಬಂದ ನೆಂಟರು ತರುವ, ಬಾದಾಮಿ ಅಥವಾ ಹೇಝಲ್‌ನಟ್ ತುಂಬಿದ ಚಾಕೊಲೇಟುಗಳು ಬೇಗ ಬಿಳುಪೇರುತ್ತವೆ, ಏಕೆಂದರೆ ಬೀಜದ ಎಣ್ಣೆ ಹೊರಪದರಕ್ಕೆ ಹರಿದು ಕೋಕೋ ಬೆಣ್ಣೆಯನ್ನು ಮೆದುಗೊಳಿಸುತ್ತದೆ. ಅಂಥವನ್ನು ಹಬ್ಬಕ್ಕೆಂದು ಎತ್ತಿಡದೆ ಮೊದಲೇ ಹಂಚಿಬಿಡುವುದು ಮೇಲು.

ಚಾಕೊಲೇಟಿಗೆ 15ರಿಂದ 18 ಡಿಗ್ರಿಯ ಏರಿಳಿತವಿಲ್ಲದ ತಂಪು ಹಿತ. ಒಲೆಯ ಮೇಲಿನ ಕಪಾಟು, ಬಿಸಿಲು ಬೀಳುವ ಕಿಟಕಿಯ ಬದಿ, ಇವೆರಡೂ ಸಲ್ಲವು. ಸೆಕೆಯ ಊರುಗಳಲ್ಲಿ ಫ್ರಿಜ್ಜೇ ಗತಿಯೆಂಬುದು ನಿಜ, ಆದರೆ ಅಲ್ಲಿ ತೇವದ ತೊಂದರೆಯಿದೆ. ತಣ್ಣನೆಯ ಚಾಕೊಲೇಟನ್ನು ಹೊರತೆಗೆದು ತಕ್ಷಣ ಬಿಚ್ಚಿದರೆ ಗಾಳಿಯ ತೇವವು ಹನಿಗಟ್ಟಿ ಮೇಲಿನ ಸಕ್ಕರೆಯನ್ನು ಕರಗಿಸುತ್ತದೆ. ನೀರು ಆರಿದ ಬಳಿಕ ಉಳಿಯುವ ಸಕ್ಕರೆಯ ಹರಳುಗಳು ಬಿಳಿಯಾಗಿದ್ದು, ಬೆರಳಿಗೆ ತರಿತರಿಯೆನಿಸುತ್ತವೆ, ಉಜ್ಜಿದರೆ ಕರಗುವುದಿಲ್ಲ. ಆದುದರಿಂದ ಚಾಕೊಲೇಟನ್ನು ಚೆನ್ನಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನೊಳಗೆ ಇಡಿರಿ; ಬೇಕಾದಾಗ ಡಬ್ಬಿಯನ್ನು ಮುಚ್ಚಿದಂತೆಯೇ ಹೊರಗಿಟ್ಟು, ಒಳಗಿನ ತಣುಪು ಕೋಣೆಯ ಹದಕ್ಕೆ ಬಂದ ಮೇಲೆ ತೆರೆಯಿರಿ. ಈ ಒಂದು ತಾಳ್ಮೆಯನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಬಿಳುಪೇರಿದ ಚಾಕೊಲೇಟು ನೇರವಾಗಿ ತಿನ್ನಲು ಅಷ್ಟು ಸೊಗಸೆನಿಸದಿರಬಹುದು. ಅದನ್ನು ತುರಿದು ಬಿಸಿ ಹಾಲಿಗೆ ಅಥವಾ ಕೇಕಿನ ಹಿಟ್ಟಿಗೆ ಬೆರೆಸಿದರೆ ರುಚಿಗೇನೂ ಕುಂದಾಗದು. ನವಿರು ಕೂದಲಿನಂಥ ಬೆಳವಣಿಗೆ ಕಂಡರೆ, ಇಲ್ಲವೇ ಒಳಗಿನ ಬೀಜ ಕಮಟು ವಾಸನೆ ಬಂದರೆ ಮಾತ್ರ ಮುಲಾಜಿಲ್ಲದೆ ಎಸೆಯಿರಿ.