ಜರ್ಮನಿಯಲ್ಲಿ ಗಂಡನೋ ಹೆಂಡತಿಯೋ ಆಸ್ಪತ್ರೆ ಸೇರಿದರೆ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಹಾಸನದಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಸಂಜೆಯೊಳಗೆ ನೆಂಟರು ಬಂದು ನಿಲ್ಲುತ್ತಾರೆ. ಒಬ್ಬರು ರಾತ್ರಿ ಜೊತೆಗಿರುತ್ತಾರೆ, ಒಬ್ಬರು ಊಟ ತರುತ್ತಾರೆ, ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಜರ್ಮನಿಯಲ್ಲೂ ಇದಕ್ಕೆಲ್ಲ ವ್ಯವಸ್ಥೆ ಇದೆ. ಆದರೆ ನೀವೇ ಕೇಳಬೇಕು, ಅರ್ಜಿ ಹಾಕಬೇಕು. ಸಂಕೋಚ ಪಟ್ಟುಕೊಂಡು ಸುಮ್ನಿದ್ದರೆ ನಷ್ಟ ನಿಮಗೇ.

ದುಡ್ಡಿನ ಭಯ ಮೊದಲು ಬಿಡಿ. ಎಒಕೆ, ಟಿಕೆಯಂಥ ಕ್ರಾಂಕನ್‌ಕಾಸೆಯ (ಸಾರ್ವಜನಿಕ ಆರೋಗ್ಯ ವಿಮಾ ಸಂಸ್ಥೆ, ಚಿಕ್ಕದಾಗಿ ಕಾಸೆ) ವಿಮೆ ಇದ್ದರೆ ಆಸ್ಪತ್ರೆಯಲ್ಲಿ ನೀವು ಕಟ್ಟುವುದು ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. ಕೆಲಸದಲ್ಲಿರುವವರೇ ಕಾಯಿಲೆ ಬಿದ್ದರೆ ಕಂಪನಿ 6 ವಾರ ಪೂರ್ತಿ ಸಂಬಳ ಕೊಡುತ್ತದೆ. ಆಮೇಲೆ ಕಾಸೆಯಿಂದ ಕ್ರಾಂಕನ್‌ಗೆಲ್ಡ್ ಅಂದರೆ ಕಾಯಿಲೆ ಭತ್ಯೆ ಬರುತ್ತದೆ. ಒಟ್ಟು ಸಂಬಳದ ಶೇ. 70, ಆದರೆ ಕೈಗೆ ಸಿಗುತ್ತಿದ್ದ ಸಂಬಳದ ಶೇ. 90 ದಾಟುವುದಿಲ್ಲ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ ಹೆಚ್ಚೆಂದರೆ 78 ವಾರ. ಸಂಗಾತಿಯ ವಿಮೆಯಲ್ಲೇ ಸೇರಿಕೊಂಡು ಮನೆಯಲ್ಲಿರುವವರಿಗೆ ಇದು ಸಿಗದು.

ಚಿಕಿತ್ಸೆ ಶುರುವಾದ ವಾರದಲ್ಲೇ ಆಸ್ಪತ್ರೆಯ ಸೋತ್ಸಿಯಾಲ್‌ಡೀನ್‌ಸ್ಟ್ (ಸಮಾಜ ಸೇವಾ) ವಿಭಾಗದವರನ್ನು ನೋಡಿ. ಮನೆಗೆ ಬಂದ ಮೇಲಿನ ಆರೈಕೆ, ಅರ್ಜಿಗಳು, ಎಲ್ಲಕ್ಕೂ ದಾರಿ ತೋರಿಸುವುದೇ ಅವರ ಕೆಲಸ. ಮುಖ್ಯವಾಗಿ ಹೌಸ್‌ಹಾಲ್ಟ್ಸ್‌ಹಿಲ್ಫೆ, ಅಂದರೆ ಮನೆಗೆಲಸದ ನೆರವಿನ ಬಗ್ಗೆ ಕೇಳಿ. ಮನೆಯಲ್ಲಿ 12 ವರ್ಷದೊಳಗಿನ ಮಗು ಇದ್ದು, ಮನೆ ನಡೆಸುತ್ತಿದ್ದವರು ಆಸ್ಪತ್ರೆಯಲ್ಲಿದ್ದರೆ, ಅಡುಗೆ, ಮಗು ಎಲ್ಲ ನೋಡಿಕೊಳ್ಳುವವರ ಖರ್ಚಿನ ಬಹುಪಾಲನ್ನು ಕಾಸೆ ಕೊಡುತ್ತದೆ. ನೀವೇ ಸಂಬಳವಿಲ್ಲದ ರಜೆ ಹಾಕಿದರೆ ಆ ನಷ್ಟವನ್ನೂ ಕೊಡುವ ಅವಕಾಶವಿದೆ. ಆದರೆ ರಜೆ ಹಾಕುವ ಮೊದಲೇ ಒಪ್ಪಿಗೆ ಪಡೆಯಿರಿ.

ಇನ್ನೊಂದು ಮಾತು. ನಮ್ಮ ಕಡೆ ಗಂಡ ಹೆಂಡತಿ ಪರವಾಗಿ, ಹೆಂಡತಿ ಗಂಡನ ಪರವಾಗಿ ಸಹಿ ಹಾಕುವುದು ಸಹಜ, ಅಲ್ವಾ? ಇಲ್ಲಿ ಆ ಹಕ್ಕು ಬಂದಿದ್ದೇ 2023ರ ಜನವರಿ 1ರಿಂದ. ಅದೂ ಸಂಗಾತಿಗೆ ತಾವೇ ನಿರ್ಧರಿಸಲು ಆಗದಿದ್ದಾಗ, ಆರೋಗ್ಯದ ವಿಷಯಕ್ಕೆ ಮಾತ್ರ, 6 ತಿಂಗಳವರೆಗೆ. ಬ್ಯಾಂಕಿಗೆ ಇದು ನಡೆಯುವುದಿಲ್ಲ. ಹಾಗಾಗಿ ಫೋರ್‌ಜೋರ್ಗೆಫೋಲ್‌ಮಾಖ್ಟ್ ಎಂಬ ಅಧಿಕಾರ ಪತ್ರವನ್ನು ಆಪರೇಷನ್‌ಗೆ ಮೊದಲೇ ಬರೆದಿಡಿ. ಅಪಶಕುನ ಅಂತ ಮನೆಯ ಹಿರಿಯರು ಬೈದರೂ ಪರವಾಗಿಲ್ಲ. ಬ್ಯಾಂಕಿನ ಫಾರಂ ಬೇರೆಯೇ ಇರುತ್ತದೆ, ಅದನ್ನೂ ತುಂಬಿ.

ಡಾಕ್ಟರ್ ಮಾತು ಪೂರ್ತಿ ಅರ್ಥವಾಗದಿದ್ದರೆ ಜರ್ಮನ್ ಚೆನ್ನಾಗಿ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ. ದುಭಾಷಿಯ ಖರ್ಚನ್ನು ಕಾಸೆ ಸಾಮಾನ್ಯವಾಗಿ ಕೊಡುವುದಿಲ್ಲ. ಶಾಲೆಗೆ ಹೋಗುವ ಮಗುವಿನ ಕೈಲಿ ಮಾತ್ರ ಈ ಕೆಲಸ ಮಾಡಿಸಬೇಡಿ. ಅಮ್ಮನ ಕ್ಯಾನ್ಸರ್ ಸುದ್ದಿಯನ್ನು ಮಗು ಅನುವಾದಿಸುವಂತಾಗಬಾರದು.

ಊರಿಂದ ಅತ್ತೆಯನ್ನೋ ಅಮ್ಮನನ್ನೋ ಕರೆಸುವುದಾದರೆ ಷೆಂಗೆನ್ ವೀಸಾದಲ್ಲಿ (ಯುರೋಪಿನ ಅಲ್ಪಾವಧಿ ಭೇಟಿಯ ವೀಸಾ) 180 ದಿನಕ್ಕೆ 90 ದಿನ ಮಾತ್ರ ಇರಬಹುದು. 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕೇ ಬೇಕು. ಹಾಗಾಗಿ ಮೊದಲ ವಾರವೇ ಕರೆಸಿಕೊಳ್ಳಬೇಡಿ. ಆಸ್ಪತ್ರೆಯಲ್ಲಿರುವಾಗ ನೋಡಿಕೊಳ್ಳಲು ನರ್ಸ್‌ಗಳಿರುತ್ತಾರೆ. ಕಷ್ಟವಾಗುವುದು ಮನೆಗೆ ಬಂದ ಮೇಲೆ. ಮೂಡಿಗೆರೆ, ಸಕಲೇಶಪುರದಲ್ಲಿ ತೋಟ ಇರುವವರಿಗೆ ನವೆಂಬರ್‌ನಿಂದ ಕಾಫಿ ಕೊಯ್ಲು ಬೇರೆ. ಯಾರು ಬರಬೇಕು, ಯಾರು ತೋಟ ನೋಡಬೇಕು ಅಂತ ಫೋನಿನಲ್ಲೇ ತೀರ್ಮಾನಿಸಿ, ಪಾಸ್‌ಪೋರ್ಟ್ ಅವಧಿ ಇದೆಯಾ ಅಂತ ಇವತ್ತೇ ನೋಡಿಸಿ.