ಬಬಲ್ ಸಿಪ್ಯಾಪ್ ಹಾಕಿದ ಮಗುವನ್ನು ನೋಡಿಕೊಳ್ಳುವುದು ಹೀಗೆ

ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ನಾನು ಹೇಳುವುದಿಷ್ಟೇ: ಮಗುವನ್ನು ನೋಡಿದ ಕೂಡಲೇ ನೀರಿನ ಬಾಟಲಿ ನೋಡಿ. ಬಬಲ್ ಸಿಪ್ಯಾಪ್ ಅಂದರೆ ಉಸಿರಾಡಲು ಕಷ್ಟಪಡುವ ಮಗುವಿಗೆ ಮೂಗಿನಿಂದ ಸತತವಾಗಿ ಒತ್ತಡದಲ್ಲಿ ಗಾಳಿ ಕೊಡುವ ಸಾಧನ; ಅದರ ನಳಿಕೆಯ ತುದಿ ಈ ಬಾಟಲಿಯ ನೀರಿನಲ್ಲಿ ಮುಳುಗಿ ಗುಳ್ಳೆ ಬಿಡುತ್ತಿರುತ್ತದೆ. ನಳಿಕೆ 5 ಸೆಂ.ಮೀ. ಮುಳುಗಿದ್ದರೆ ಒತ್ತಡವೂ ಹೆಚ್ಚುಕಮ್ಮಿ 5 ಸೆಂ.ಮೀ. ನೀರಿನಷ್ಟೇ. ಗುಳ್ಳೆ ನಿಂತಿತಾ? ಸಾಮಾನ್ಯವಾಗಿ ಎಲ್ಲೋ ಗಾಳಿ ಸೋರುತ್ತಿರುತ್ತದೆ. ಪ್ರಾಂಗ್ (ಮೂಗಿನ ಹೊಳ್ಳೆಗೆ ಹಾಕುವ ಪುಟ್ಟ ನಳಿಕೆ) ಜಾರಿರಬಹುದು, ಮಗು ಬಾಯಿ ತೆರೆದಿರಬಹುದು.

ಜಾರುತ್ತದೆ ಅಂತ ಬಿಗಿಯಾಗಿ ಒತ್ತಿ ಕಟ್ಟಬೇಡಿ. ಮೂಗಿನ ನಡುಗೋಡೆಗೆ ಪ್ರಾಂಗ್ ತಾಗಬಾರದು, ಸಣ್ಣ ಸಂದಿ ಇರಲೇಬೇಕು. ಒಮ್ಮೆ ನಾನೇ ಬಿಗಿ ಮಾಡಿ, ಬೆಳಗಿನ ಜಾವ ಅಲ್ಲಿ ಕೆಂಪು ಗೆರೆ ಕಂಡು ಬೆವತುಹೋಗಿದ್ದೆ. ಆಮೇಲಿಂದ ಪ್ರತಿ ಪಾಳಿಯಲ್ಲೂ ಪದೇ ಪದೇ ಟಾರ್ಚ್ ಹಾಕಿ ನೋಡುತ್ತೇನೆ.

ಹೊಟ್ಟೆ ಉಬ್ಬದಂತೆ, ಬಾಯಿಂದ ಹೊಟ್ಟೆಗೆ ಹಾಕಿದ ಟ್ಯೂಬಿನ ತುದಿ ತೆರೆದಿಡಿ.

ತಿಂಗಳು ತುಂಬದ ಮಗುವಿಗೆ ಆಕ್ಸಿಜನ್ ಕೊಡುವಾಗ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90ರಿಂದ 95 ಇದ್ದರೆ ಸಾಕು. 100 ಕಂಡರೆ ಖುಷಿಪಡಬೇಡಿ. ಜಾಸ್ತಿ ಆಕ್ಸಿಜನ್ ರೆಟಿನಾವನ್ನು (ಕಣ್ಣಿನ ಒಳಪರದೆಯನ್ನು) ಹಾಳು ಮಾಡುತ್ತದೆ, ಅಲ್ವಾ? ಡಾಕ್ಟರಿಗೆ ಹೇಳಿ, ಮೆಲ್ಲಗೆ ಇಳಿಸಿ.